ಹೂವಿಗೆ ಬಂದವರ ಲೆಕ್ಕ

ಇವತ್ತಿನ ಎಪಿಸೋಡ್ ಒಂದು ಬೋರಿಂಗ್ ಪುಸ್ತಕದಿಂದ ಶುರು ಮಾಡ್ತೀನಿ. ಬೋರಿಂಗ್ ಅಂತ ಪ್ರೀತಿಯಿಂದಲೇ ಹೇಳ್ತಿದೀನಿ, ತಪ್ಪು ತಿಳ್ಕೋಬೇಡಿ.

1928ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಕಾರ್ಲಿನ್‌ವಿಲ್ ಅನ್ನೋ ಸಣ್ಣ ಊರಿನಿಂದ ಚಾರ್ಲ್ಸ್ ರಾಬರ್ಟ್‌ಸನ್ ಎಂಬವರು ಒಂದು ಪುಸ್ತಕ ಹೊರತಂದರು. ಹೆಸರು ‘ಫ್ಲವರ್ಸ್ ಅಂಡ್ ಇನ್‌ಸೆಕ್ಟ್ಸ್’, ಅಂದ್ರೆ ಹೂಗಳು ಮತ್ತು ಕೀಟಗಳು. ಹೆಸರು ಕೇಳಿ ಚೆಂದದ ವರ್ಣನೆ ಇರುತ್ತೆ ಅಂದ್ಕೊಂಡ್ರೆ ನಿರಾಸೆ ಖಂಡಿತ. ಒಳಗೆ ಇರೋದು ಪಟ್ಟಿ. 453 ಹೂಗಳ ಹೆಸರು, ಪ್ರತಿ ಹೂವಿನ ಕೆಳಗೆ ಅದರ ಮೇಲೆ ಬಂದು ಕೂತ ಜೇನು, ಕಣಜ, ನೊಣ, ಚಿಟ್ಟೆ, ದುಂಬಿಗಳ ಹೆಸರು. ಆಮೇಲೆ ಮುಂದಿನ ಹೂ, ಮುಂದಿನ ಪಟ್ಟಿ.

ನಾನು ಬಿ.ಕಾಂ. ಓದಿದವಳು. ಈ ಪುಸ್ತಕ ಏನು ಅಂತ ತಿಳಿದಾಗ ನನಗೆ ಅದು ಜೀವಶಾಸ್ತ್ರದ ಪುಸ್ತಕ ಅನ್ನಿಸಲೇ ಇಲ್ಲ, ಲೆಡ್ಜರ್ ಅನ್ನಿಸ್ತು. ಪ್ರತಿ ಹೂವಿಗೂ ಒಂದೊಂದು ಖಾತೆ, ಖಾತೆಗೆ ಬಂದು ಹೋದವರ ಎಂಟ್ರಿ. ಇದರ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷಗಳ ದಿನಚರಿ ಇದೆ. 1884ರಿಂದ 1916ರವರೆಗೆ ಈ ಮನುಷ್ಯ ತನ್ನ ಊರಿನ ಸುತ್ತಮುತ್ತಲೇ ಓಡಾಡಿ, ಬಲೆ ಹಿಡಿದು, ಯಾವ ಹೂವಿನ ಮೇಲೆ ಯಾವ ಕೀಟ ಅಂತ ಬರೆದಿಟ್ಟರು. ಅಮೆಜಾನ್ ಕಾಡಿಗೆ ಹೋಗಲಿಲ್ಲ, ಆಫ್ರಿಕಾಗೆ ಹೋಗಲಿಲ್ಲ. ಊರಿನ ಬ್ಲ್ಯಾಕ್‌ಬರ್ನ್ ಕಾಲೇಜಿನಲ್ಲಿ ಪಾಠ ಮಾಡ್ತಿದ್ದರು, ಬಿಡುವಾದಾಗ ಹೂವಿನ ಮುಂದೆ ನಿಲ್ತಿದ್ದರು.

ಇವತ್ತು ಅದೇ ಅಮೆರಿಕದ ಅದೇ ಬಯಲುಗಳಲ್ಲಿ ಸಾವಿರಾರು ಜನ ಮೊಬೈಲ್ ಹಿಡಿದು ಹೂವಿನ ಮೇಲೆ ಕೂತ ಹುಳುವಿನ ಫೋಟೋ ತೆಗೀತಾರೆ. ಹವ್ಯಾಸ, ಚೆಂದ, ಇನ್‌ಸ್ಟಾಗ್ರಾಂ, ಎಲ್ಲ ಸರಿ. ಆದರೆ ಅದರಲ್ಲಿ ಒಂದು ಪಾಲು ಫೋಟೋ ಕಾನೂನಿನ ತನಕ, ಬುಲ್ಡೋಜರ್ ತನಕ ಹೋಗಿದೆ. ಅದು ಹೇಗೆ ಅಂತ ಹೇಳೋಕೆ ಮೊದಲು ಆ ಬಯಲು ಏನು ಅಂತ ಹೇಳ್ಬೇಕು.

ಪ್ರೇರಿ. ಫ್ರೆಂಚರು ಇಟ್ಟ ಹೆಸರು, ಅವರ ಭಾಷೆಯಲ್ಲಿ ಹುಲ್ಲುಗಾವಲು ಅಂತಷ್ಟೇ ಅರ್ಥ. ಆದರೆ ನಮ್ಮ ಕಣ್ಣಿಗೆ ಪರಿಚಯ ಇರೋ ಹುಲ್ಲುಗಾವಲಲ್ಲ ಅದು. ಬಿಗ್ ಬ್ಲೂಸ್ಟೆಮ್ ಅನ್ನೋ ಹುಲ್ಲು ಆಳೆತ್ತರ ಮೀರಿ ಬೆಳೆಯುತ್ತೆ. ಅದರ ನಡುವೆ ನೂರಾರು ಬಗೆಯ ಹೂಗಿಡ. ಮೇಲೆ ಕಾಣೋದು ಕಮ್ಮಿ, ಕೆಳಗೆ ಜಾಸ್ತಿ. ಬೇರು ನೆಲದೊಳಗೆ ಹಲವು ಅಡಿ ಇಳಿದಿರುತ್ತೆ. ಹಾಗಾಗಿ ಬೆಂಕಿ ಬಿದ್ದರೂ ಮತ್ತೆ ಚಿಗುರುತ್ತೆ. ಸಾಯೋದಿರಲಿ, ಪ್ರೇರಿಗೆ ಆಗಾಗ ಬೆಂಕಿ ಬೇಕೇ ಬೇಕು. ಇಲ್ಲದಿದ್ದರೆ ಪೊದೆ, ಮರ ನುಗ್ಗಿಬಿಡುತ್ತವೆ. ಅಲ್ಲಿನ ಮೂಲನಿವಾಸಿಗಳು ಇದನ್ನ ತಿಳಿದೇ ನೆಲಕ್ಕೆ ಬೆಂಕಿ ಕೊಡ್ತಿದ್ದರು. 1830ರ ದಶಕದಲ್ಲಿ ಅವರಲ್ಲಿ ಪೊಟವಾಟಮಿ ಜನರನ್ನ ಒಪ್ಪಂದದ ಹೆಸರಲ್ಲಿ ಮಿಸಿಸಿಪ್ಪಿ ನದಿಯ ಆಚೆಗೆ ಅಟ್ಟಿದರು. ಈ ಒಂದು ಸಾಲಿಗೇ ಬೇರೆ ಎಪಿಸೋಡ್ ಬೇಕು, ಮಾಡ್ತೀನಿ.

ಅದೇ ದಶಕದಲ್ಲಿ ನೇಗಿಲು ಬಂತು. ಪ್ರೇರಿಯ ಮಣ್ಣು ಕಪ್ಪು, ಅಂಟು. ನಮ್ಮ ಧಾರವಾಡ, ಗದಗದ ಕಡೆಯ ಎರೆಹೊಲದಲ್ಲಿ ಮಳೆ ಬಂದಾಗ ನಡೆದವರಿಗೆ ಗೊತ್ತು, ಚಪ್ಪಲಿ ಎತ್ತೋಕಾಗಲ್ಲ. ಪೂರ್ವ ರಾಜ್ಯಗಳಿಂದ ಬಂದ ರೈತರ ಎರಕದ ಕಬ್ಬಿಣದ ನೇಗಿಲಿಗೂ ಅದೇ ಪಾಡು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಿಸಿ ಮಣ್ಣು ಕೆರೆದು ತೆಗೀಬೇಕು. 1837ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡೀಟೂರ್ ಅನ್ನೋ ಊರಿನ ಒಬ್ಬ ಕಮ್ಮಾರ ಉಜ್ಜಿ ಹೊಳಪು ಕೊಟ್ಟ ಉಕ್ಕಿನ ನೇಗಿಲು ಮಾಡಿದ. ಮಣ್ಣು ಅಂಟದೆ ಜಾರಿಹೋಯ್ತು. ಆ ಕಮ್ಮಾರನ ಹೆಸರು ಜಾನ್ ಡಿಯರ್. ಹೌದು, ಹಸಿರು ಟ್ರ್ಯಾಕ್ಟರ್ ಮೇಲೆ ಓಡೋ ಜಿಂಕೆಯ ಚಿತ್ರ ಇರುತ್ತಲ್ಲ, ಅದೇ ಜಾನ್ ಡಿಯರ್.

ಆಮೇಲೆ ಆದದ್ದು ಇಷ್ಟು. ಇಲಿನಾಯ್‌ನಲ್ಲಿ ಒಂದು ಕಾಲಕ್ಕೆ ಸುಮಾರು 2.2 ಕೋಟಿ ಎಕರೆ ಪ್ರೇರಿ ಇತ್ತು. ಇವತ್ತು ಒಳ್ಳೆ ಸ್ಥಿತಿಯಲ್ಲಿ ಉಳಿದಿರೋ ಮೂಲ ಪ್ರೇರಿ 2,500 ಎಕರೆಯಷ್ಟೂ ಇಲ್ಲ. ಹತ್ತು ಸಾವಿರ ರೂಪಾಯಿ ಇದ್ದ ಕಡೆ ಒಂದೇ ಒಂದು ರೂಪಾಯಿ ಉಳಿದ ಹಾಗೆ. ಆ ರಾಜ್ಯದ ಅಡ್ಡಹೆಸರು ಮಾತ್ರ ಇನ್ನೂ ‘ಪ್ರೇರಿ ಸ್ಟೇಟ್’.

ಉಳಿದ ಆ ಒಂದು ರೂಪಾಯಿ ಎಲ್ಲಿ ಉಳೀತು ಅನ್ನೋದೇ ಸ್ವಾರಸ್ಯ. ಹಳೆ ಸ್ಮಶಾನಗಳ ಮೂಲೆ. ರೈಲು ಹಳಿಯ ಪಕ್ಕ. ಕಲ್ಲು ಜಾಸ್ತಿ ಅಂತ ಯಾರೂ ಉಳದ ದಿಬ್ಬ. ಸ್ಮಶಾನಕ್ಕೆ ನೇಗಿಲು ಬರುವ ಮೊದಲೇ ಬೇಲಿ ಬಿದ್ದಿತ್ತು, ಒಳಗೆ ಉಳೋರು ಯಾರು? ಹಳಿ ಪಕ್ಕದಲ್ಲಿ ಉಗಿಬಂಡಿಯ ಕಿಡಿ ಹಾರಿ ಆಗಾಗ ಬೆಂಕಿ ಬೀಳ್ತಿತ್ತು, ಅದೇ ಹೂಗಿಡಗಳನ್ನ ಕಾಪಾಡ್ತು. ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆಲ್ಡೋ ಲಿಯೋಪೋಲ್ಡ್ ಅನ್ನೋ ಪ್ರಾಧ್ಯಾಪಕರು ಇಂಥದ್ದೇ ಒಂದು ಸ್ಮಶಾನದ ಮೂಲೆಯ ಗಿಡದ ಬಗ್ಗೆ ಬರೆದರು. ರಸ್ತೆ ಕೆಲಸದವರು ಬೇಲಿ ಕಿತ್ತು ಆ ಗಿಡವನ್ನ ಕತ್ತರಿಸಿಬಿಟ್ಟರು ಅನ್ನೋದು ಅವರ ಪುಸ್ತಕದಲ್ಲಿದೆ. 1949ರ ಪುಸ್ತಕ ಅದು. ರಸ್ತೆ ಕೆಲಸ ಅನ್ನೋದನ್ನ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಸರಿ, ರಾಬರ್ಟ್‌ಸನ್ ಕಾಲಕ್ಕೆ ಬರೋಣ. ಅವರು ಬಲೆ ಹಿಡಿದು ಹೊರಟಾಗಲೇ ಪ್ರೇರಿಯ ಬಹುಪಾಲು ಜೋಳದ ಹೊಲ ಆಗಿತ್ತು. ಅವರ ಲೆಕ್ಕವೂ ತುಂಬಿದ ಖಜಾನೆಯಿಂದ ಶುರುವಾದದ್ದಲ್ಲ, ಆಗಲೇ ಸೋರುತ್ತಿದ್ದ ಖಜಾನೆಯದ್ದು. ಆದರೂ ಅವರು ಕಂಡದ್ದು ಬೆರಗು ಹುಟ್ಟಿಸುತ್ತೆ. ಜೇನು ಅಂದ ತಕ್ಷಣ ನಮಗೆ ತುಪ್ಪ, ಹುಟ್ಟು, ಪೆಟ್ಟಿಗೆ ನೆನಪಾಗುತ್ತೆ. ಅಮೆರಿಕದಲ್ಲಿ ಆ ಪೆಟ್ಟಿಗೆ ಜೇನು ಯುರೋಪಿನಿಂದ ಬಂದ ವಲಸಿಗ. ಅಲ್ಲಿನ ಸ್ವಂತ ಜೇನುಗಳಲ್ಲಿ ಹೆಚ್ಚಿನವು ಒಂಟಿ. ಹುಟ್ಟು ಕಟ್ಟಲ್ಲ, ತುಪ್ಪ ಕೂಡಿಡಲ್ಲ. ಒಂದೊಂದು ಹೆಣ್ಣು ಮಣ್ಣಿನಲ್ಲೋ ಒಣಕಡ್ಡಿಯಲ್ಲೋ ತೂತು ಮಾಡಿ, ಪರಾಗದ ಉಂಡೆ ಕಟ್ಟಿ, ಅದರ ಮೇಲೆ ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತೆ. ಅವುಗಳಲ್ಲೂ ಕೆಲವಕ್ಕೆ ಪಥ್ಯ ಇದೆ. ಇಂಥ ಗುಂಪಿನ ಹೂವಿನ ಪರಾಗ ಬಿಟ್ಟರೆ ಬೇರೆಯದನ್ನ ಮರಿಗೆ ಕೊಡೋದೇ ಇಲ್ಲ. ಈ ಪಥ್ಯದ ಜೇನುಗಳಿಗೆ ವಿಜ್ಞಾನದಲ್ಲಿ ಇವತ್ತೂ ಬಳಸೋ ‘ಆಲಿಗೋಲೆಕ್ಟಿಕ್’ ಅನ್ನೋ ಪದ ಕೊಟ್ಟಿದ್ದು ಇದೇ ರಾಬರ್ಟ್‌ಸನ್, 1925ರಲ್ಲಿ. ಎಷ್ಟೋ ವರ್ಷ ಎಂಟ್ರಿ ಹಾಕಿದ ಮೇಲೆ ತಾನೇ ಅದು ಕಾಣೋದು: ಈ ಗಿರಾಕಿ ಬೇರೆ ಅಂಗಡಿಗೆ ಹೋಗೋದೇ ಇಲ್ಲವಲ್ಲ ಅಂತ.

ಇಲ್ಲಿ ಒಂದು ಕಹಿ ವಿಷಯ. ರಾಬರ್ಟ್‌ಸನ್ ಫೋಟೋ ತೆಗೀಲಿಲ್ಲ. ಕೀಟಗಳನ್ನ ಹಿಡಿದು, ಕೊಂದು, ಸೂಜಿಗೆ ಚುಚ್ಚಿ ಇಟ್ಟರು. ಆ ಕಾಲದ ಎಲ್ಲರ ಪದ್ಧತಿ ಅದೇ. ಒಂದು ಹುಳ ಇತ್ತು ಅನ್ನೋದಕ್ಕೆ ಸಾಕ್ಷಿ ಅದರ ಹೆಣವೇ. ಅವರ ಸಂಗ್ರಹ ಇವತ್ತೂ ಇಲಿನಾಯ್ ನ್ಯಾಚುರಲ್ ಹಿಸ್ಟರಿ ಸರ್ವೆಯಲ್ಲಿ ಇದೆ.

ಕ್ಯಾಮೆರಾ ಇರಲಿಲ್ಲ ಅಂತಲ್ಲ. ಇತ್ತು, ಆದರೆ ಹುಳ ಸುಮ್ಮನೆ ಕೂರಬೇಕಲ್ಲ! ಹತ್ತಿರ ಹೋದಷ್ಟೂ ಬೆಳಕು ಹೆಚ್ಚು ಬೇಕು, ಫೋಕಸ್‌ನಲ್ಲಿ ಇರೋ ಪದರ ತೆಳ್ಳಗಾಗುತ್ತೆ. ಜೇನಿನ ಕಣ್ಣು ಸ್ಪಷ್ಟ ಬಂದರೆ ರೆಕ್ಕೆ ಮಸುಕು. ಮ್ಯಾಕ್ರೋ ಮೋಡ್ ಟ್ರೈ ಮಾಡಿದವರಿಗೆ ಈ ಕಷ್ಟ ಗೊತ್ತು. ಇದರ ಜೊತೆ ಅಂದಿನ ಫಿಲ್ಮಿನ ನಿಧಾನ ಸೇರಿಸಿ. 1937ರಲ್ಲಿ ‘ಗ್ರಾಸ್‌ರೂಟ್ ಜಂಗಲ್ಸ್’ ಅನ್ನೋ ಕೀಟಗಳ ಫೋಟೋ ಪುಸ್ತಕ ತಂದ ಎಡ್ವಿನ್ ವೇ ಟೀಲ್ ಇದಕ್ಕೆ ಒಂದು ಉಪಾಯ ಹುಡುಕಿದ್ದರು. ಹುಳವನ್ನ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡೋದು. ಚಳಿಗೆ ಮಂಕಾದ ಹುಳವನ್ನ ಗಿಡದ ಮೇಲೆ ಕೂರಿಸಿ, ಅದು ಚೇತರಿಸಿಕೊಂಡು ಹಾರೋದರೊಳಗೆ ಕ್ಲಿಕ್. ಟೀಲ್ ಹುಟ್ಟಿದ್ದು ಇದೇ ಇಲಿನಾಯ್‌ನ ಜೋಲಿಯೆಟ್‌ನಲ್ಲಿ, 1899ರಲ್ಲಿ. ಆಮೇಲೆ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ಗೆ ಹೋದರು, ಅಲ್ಲಿ ಒಂದು ಹಳೆ ಹಣ್ಣಿನ ತೋಟದಲ್ಲಿ ಕೀಟಗಳ ಹಕ್ಕನ್ನಷ್ಟೇ ಬಾಡಿಗೆಗೆ ಹಿಡಿದರು. ಹಣ್ಣು ಮಾಲೀಕನಿಗೆ, ಹುಳು ಇವರಿಗೆ. ಇಂಥ ಕರಾರುಪತ್ರ ನಮ್ಮ ಬಿಸಿನೆಸ್ ಲಾ ಪೇಪರ್‌ನಲ್ಲಿ ಬಂದಿದ್ದರೆ ನಾನು ಇನ್ನೂ ನಾಲ್ಕು ಮಾರ್ಕ್ಸ್ ತಗೋತಿದ್ದೆ.

ಟೀಲ್ ಅವರ ಫೋಟೋ ಚೆಂದ. ಆದರೆ ನನಗೆ ರಾಬರ್ಟ್‌ಸನ್ ಪಟ್ಟಿಯೇ ಹೆಚ್ಚು ಬೆಲೆಯದ್ದು ಅನ್ನಿಸುತ್ತೆ, ಯಾಕೆ ಅಂತ ಹೇಳ್ತೀನಿ.

1970ರಿಂದ 72ರವರೆಗೆ ಜಾನ್ ಮಾರ್ಲಿನ್ ಅನ್ನೋ ಸಂಶೋಧಕ ರಾಬರ್ಟ್‌ಸನ್ ಪುಸ್ತಕ ಹಿಡಿದು ಅದೇ ಕಾರ್ಲಿನ್‌ವಿಲ್‌ಗೆ ಹೋದರು. 24 ಬಗೆಯ ಹೂಗಳನ್ನ ಆರಿಸಿಕೊಂಡು ಮತ್ತೆ ಯಾರ‍್ಯಾರು ಬರ್ತಾರೆ ನೋಡಿದರು. ಫಲಿತಾಂಶ ಸಮಾಧಾನ ತರುವಂಥದ್ದು. ಸುತ್ತ ಹೊಲಗಳೇ ಆಗಿದ್ದರೂ ಹಳೆಯ ಗಿರಾಕಿಗಳಲ್ಲಿ ಬಹಳಷ್ಟು ಇನ್ನೂ ಬರ್ತಿದ್ದವು. ಇದರ ಪೂರ್ತಿ ವರದಿ 2001ರಲ್ಲಿ ಪ್ರಕಟ ಆಯ್ತು.

ಆಮೇಲೆ 2009 ಮತ್ತು 2010ರಲ್ಲಿ ಲಾರಾ ಬರ್ಕಲ್ ಮತ್ತೆ ಅದೇ ಊರಿಗೆ ಹೋದರು. ಅವರ ಜೊತೆ ಟಿಫನಿ ನೈಟ್, ಮತ್ತು ಇದೇ ಮಾರ್ಲಿನ್ ಕೂಡ. ಈ ಸಲ ನೋಡಿದ್ದು ಕಾಡಿನ ನೆಲದ ಮೇಲೆ ಅರಳೋ 26 ಹೂಗಳನ್ನ. ಪ್ರೇರಿಯಲ್ಲ, ಪ್ರೇರಿಯ ನಡುವೆ ಅಲ್ಲಲ್ಲಿ ಇರೋ ಕಾಡು, ಇದನ್ನ ಮರೆಮಾಚಬಾರದು. ರಾಬರ್ಟ್‌ಸನ್ ಲೆಕ್ಕದಲ್ಲಿ ಆ 26 ಹೂಗಳಿಗೆ 109 ಬಗೆಯ ಜೇನುಗಳು ಬರ್ತಿದ್ದವು. ಈಗ ಅವುಗಳಲ್ಲಿ ಅರ್ಧದಷ್ಟು ಜಾತಿಗಳು ಅಲ್ಲಿ ಇಲ್ಲವೇ ಇಲ್ಲ. ಈ ಜೇನು ಈ ಹೂವಿಗೆ ಬರುತ್ತೆ ಅನ್ನೋ ಒಂದೊಂದು ಜೋಡಿಯನ್ನೂ ಒಂದು ನಂಟು ಅಂತ ಎಣಿಸಿದರೆ, ಅಂದು ಇದ್ದ 532 ನಂಟುಗಳಲ್ಲಿ ಕಂಡದ್ದು 125. ಹೊಸದಾಗಿ 121 ನಂಟು ಹುಟ್ಟಿದ್ದವು, ಅದನ್ನೂ ಹೇಳಬೇಕು, ಪ್ರಕೃತಿ ಕೈಕಟ್ಟಿ ಕೂತಿಲ್ಲ. ಆದರೂ ಕೂಡಿ ಕಳೆದರೆ ಅರ್ಧಕ್ಕಿಂತ ಕಮ್ಮಿ. ಕಾರಣ ಕಾಡು ಕರಗಿದ್ದು ಒಂದೇ ಅಲ್ಲ. ವಾತಾವರಣ ಬಿಸಿಯಾಗಿ ಹೂ ಅರಳೋ ಕಾಲವೂ ಸರಿದಿದೆ, ಜೇನು ಹೊರಬರೋ ಕಾಲವೂ ಸರಿದಿದೆ, ಆದರೆ ಎರಡೂ ಒಂದಕ್ಕೊಂದು ತಾಳೆಯಾಗ್ತಿಲ್ಲ. ಅಂಗಡಿ ತೆಗೆದಾಗ ಗಿರಾಕಿ ಇಲ್ಲ, ಗಿರಾಕಿ ಬಂದಾಗ ಶಟರ್ ಎಳೆದಿದೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಅಧ್ಯಯನ ಜಗತ್ತಿನಾದ್ಯಂತ ಸುದ್ದಿಯಾಯ್ತು.

ಈಗ ಯೋಚಿಸಿ. ಅಕೌಂಟ್ಸ್ ಕ್ಲಾಸಲ್ಲಿ ಮೊದಲು ಹೇಳಿಕೊಡೋದು ಏನು? ಓಪನಿಂಗ್ ಬ್ಯಾಲೆನ್ಸ್ ಇಲ್ಲದೆ ಲಾಭನಷ್ಟ ಹೇಳೋಕೆ ಬರಲ್ಲ ಅಂತ. ಭೂಮಿಯ ಬಹುಪಾಲು ಕಡೆ ಕೀಟಗಳಿಗೆ ಓಪನಿಂಗ್ ಬ್ಯಾಲೆನ್ಸೇ ಇಲ್ಲ. ಅಜ್ಜಿ ‘ನಮ್ಮ ಕಾಲದಲ್ಲಿ ಚಿಟ್ಟೆ ಜಾಸ್ತಿ ಇರ್ತಿದ್ವು ಕಣೇ’ ಅಂತಾರೆ, ನಾವು ‘ಹೌದಾ ಅಜ್ಜಿ’ ಅಂತೀವಿ, ಅಲ್ಲಿಗೆ ಮುಗೀತು. ಕಾರ್ಲಿನ್‌ವಿಲ್‌ನಲ್ಲಿ ಮಾತ್ರ ಅದು ನೆನಪಿನ ಮಾತಾಗಿ ಉಳೀಲಿಲ್ಲ. ಯಾಕಂದ್ರೆ ಒಬ್ಬರು ಯಾವ ಜೇನು, ಯಾವ ಹೂ, ಯಾವ ದಿನ ಅಂತ ಬರೆದಿಟ್ಟಿದ್ದರು.

ಫೋಟೋದ ಕತೆ ಇಲ್ಲಿಂದ ಇದಕ್ಕೆ ಸೇರಿಕೊಳ್ಳುತ್ತೆ. ಡಿಜಿಟಲ್ ಕ್ಯಾಮೆರಾ, ಆಮೇಲೆ ಮೊಬೈಲ್ ಬಂದ ಮೇಲೆ, ಸಾಕ್ಷಿಗೆ ಹೆಣ ಬೇಕಾಗಿಲ್ಲದ ಕಾಲ ಬಂತು, ಕನಿಷ್ಠ ಕೆಲವು ಕೀಟಗಳಿಗೆ. ಫೋಟೋದೊಳಗೇ ದಿನ, ಗಂಟೆ, ಜಾಗ ಕೂತಿರುತ್ತೆ. ಕೂತ ಹೂವೂ ಫ್ರೇಮ್‌ನಲ್ಲಿ ಇರುತ್ತೆ. ರಾಬರ್ಟ್‌ಸನ್ ಬರೀತಿದ್ದ ಎಂಟ್ರಿಯ ಎಲ್ಲ ಕಾಲಮ್ ಒಂದೇ ಕ್ಲಿಕ್‌ನಲ್ಲಿ. 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್ ನಮ್ಮಲ್ಲೂ ಬಹಳ ಜನರ ಫೋನಲ್ಲಿದೆ. ಉತ್ತರ ಅಮೆರಿಕದ ಬಂಬಲ್‌ಬೀಗಳಿಗೆ ಅಂತಲೇ 2014ರಲ್ಲಿ ‘ಬಂಬಲ್ ಬೀ ವಾಚ್’ ಬಂತು. ಬಂಬಲ್‌ಬೀ ಅಂದ್ರೆ ನಮ್ಮ ಕಡೆ ಕಂಬ ಕೊರೆಯೋ ಕಪ್ಪು ದುಂಬಿ ಅಲ್ಲ. ಅದರ ದೂರದ ನೆಂಟ, ಮೈತುಂಬ ಉಣ್ಣೆಯಂಥ ರೋಮ, ಚಳಿ ದೇಶದ ಜೀವಿ.

ಆ ಬಂಬಲ್‌ಬೀಗಳಲ್ಲಿ ಒಂದು ಜಾತಿ ಇದೆ. ಬೆನ್ನಿನ ಹಿಂಭಾಗದಲ್ಲಿ ತುಕ್ಕು ಬಣ್ಣದ ಮಚ್ಚೆ, ಹೆಸರೂ ಅದೇ, ರಸ್ಟಿ ಪ್ಯಾಚ್ಡ್ ಬಂಬಲ್‌ಬೀ. ಒಂದು ಕಾಲಕ್ಕೆ ಅಮೆರಿಕದ 28 ರಾಜ್ಯಗಳಲ್ಲಿ ಇತ್ತು. 1990ರ ದಶಕದ ಕೊನೆಯಿಂದ ದಡದಡನೆ ಕುಸೀತು. ರೋಗ, ಕೀಟನಾಶಕ, ಹೂವಿನ ಬಯಲು ಇಲ್ಲದಿರೋದು, ಹೀಗೆ ಅನುಮಾನಗಳ ಪಟ್ಟಿ ಉದ್ದ ಇದೆ. ಕ್ಲೇ ಬೋಲ್ಟ್ ಅನ್ನೋ ಛಾಯಾಗ್ರಾಹಕರು ಮ್ಯೂಸಿಯಂ ಸಂಗ್ರಹದಲ್ಲಿ ಇದರ ಸೂಜಿ ಚುಚ್ಚಿದ ದೇಹ ನೋಡಿ, ಜೀವಂತ ಇರೋದನ್ನ ಹುಡುಕಿಕೊಂಡು ಹೊರಟರು. ಕೊನೆಗೆ ಅದು ಸಿಕ್ಕಿದ್ದು ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ, ವಿಶ್ವವಿದ್ಯಾಲಯದ ಆರ್ಬೊರೇಟಂನಲ್ಲಿ. ಲಿಯೋಪೋಲ್ಡ್ ಮತ್ತು ಸಂಗಡಿಗರು 1930ರ ದಶಕದಲ್ಲಿ, ಹಳೆ ಹೊಲದ ಮೇಲೆ ಮತ್ತೆ ಪ್ರೇರಿ ಬೆಳೆಸೋಕೆ ಕೈಹಾಕಿದ ಜಾಗ ಅದೇ. ಬೋಲ್ಟ್ ಫೋಟೋಗಳು, ಅವರ ಹುಡುಕಾಟದ ಬಗ್ಗೆ ಬಂದ ‘ಎ ಘೋಸ್ಟ್ ಇನ್ ದಿ ಮೇಕಿಂಗ್’ ಅನ್ನೋ ಕಿರುಚಿತ್ರ ಈ ಹುಳಕ್ಕೆ ಒಂದು ಮುಖ ಕೊಟ್ಟವು. ಅದಕ್ಕೂ ಮೊದಲೇ, 2013ರಲ್ಲಿ, ಕೀಟಗಳ ಪರ ಕೆಲಸ ಮಾಡೋ ಜರ್ಸೀಸ್ ಸೊಸೈಟಿ ಸರ್ಕಾರಕ್ಕೆ ಅರ್ಜಿ ಕೊಟ್ಟಿತ್ತು. 2017ರಲ್ಲಿ ಇದು ಅಳಿವಿನಂಚಿನ ಜೀವಿಗಳ ಕಾನೂನಿನ ಪಟ್ಟಿಗೆ ಸೇರಿತು. ಹವಾಯಿ ದ್ವೀಪಗಳನ್ನ ಬಿಟ್ಟರೆ ಅಮೆರಿಕದಲ್ಲಿ ಆ ಪಟ್ಟಿಗೆ ಸೇರಿದ ಮೊದಲ ಜೇನು.

ಫೋಟೋ ಎಲ್ಲವನ್ನೂ ಮಾಡಿಬಿಡುತ್ತೆ ಅಂತಲ್ಲ. ಬಹಳಷ್ಟು ಸಣ್ಣ ಒಂಟಿ ಜೇನುಗಳನ್ನ ಫೋಟೋದಲ್ಲಿ ನೋಡಿ ಜಾತಿ ಹೇಳೋಕೆ ಯಾರಿಂದಲೂ ಆಗಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಡಲೇಬೇಕು. ತುಕ್ಕುಮಚ್ಚೆಯದ್ದೇ ತಗೊಳ್ಳಿ. ಮಚ್ಚೆ ಇರೋದು ಕೆಲಸಗಾರ ಹೆಣ್ಣಿಗೆ ಮತ್ತು ಗಂಡಿಗೆ, ರಾಣಿಗೆ ಇಲ್ಲ. ಇನ್ನೊಂದು ಜಾತಿಗೂ ಅದೇ ಜಾಗದಲ್ಲಿ ಕಂದು ಪಟ್ಟಿ ಇದೆ. ಹಾಗಾಗಿ ಮುಖದ ಕ್ಲೋಸಪ್ ಎಷ್ಟೇ ಮುದ್ದಾಗಿ ಬಂದಿದ್ದರೂ ಗುರುತಿಗೆ ಸಾಲದು. ಬೆನ್ನು ಮೇಲಿನಿಂದ, ಪಕ್ಕದಿಂದ, ಮುಖ, ಮೂರೂ ಬೇಕು. ಇನ್ನೊಂದು ವಿಚಾರದಲ್ಲಿ ನನ್ನದು ಸ್ವಲ್ಪ ಖಡಕ್ ಅಭಿಪ್ರಾಯ. ಹಿಂದಿನದನ್ನೆಲ್ಲ ಬ್ಲರ್ ಮಾಡಿ, ಹೂ ಯಾವುದು ಅಂತಲೇ ಗೊತ್ತಾಗದ ಹಾಗೆ ಹುಳವನ್ನಷ್ಟೇ ಮಿಂಚಿಸೋ ಫೋಟೋ ಇದೆಯಲ್ಲ, ಅದು ವಾಲ್‌ಪೇಪರ್. ಖಾತೆಯ ಹೆಸರೇ ಇಲ್ಲದ ಎಂಟ್ರಿ. ಹೂವಿನ ಜೊತೆ ಎಲೆಯೂ ಬಂದ, ಅಷ್ಟೇನೂ ಚೆಂದ ಇಲ್ಲದ ಫೋಟೋ ನೂರು ವರ್ಷ ಆದ ಮೇಲೂ ಕೆಲಸಕ್ಕೆ ಬರುತ್ತೆ.

ಹಾಗಾದರೆ ದಾಖಲೆ ಇದ್ದರೆ ನೆಲ ಉಳಿಯುತ್ತಾ? ಇಲಿನಾಯ್‌ನ ರಾಕ್‌ಫರ್ಡ್ ವಿಮಾನ ನಿಲ್ದಾಣದ ಜಾಗದೊಳಗೆ ಬೆಲ್ ಬೌಲ್ ಪ್ರೇರಿ ಅಂತ ಒಂದು ತುಂಡು ನೆಲ ಇತ್ತು. ಜಲ್ಲಿ ಮಣ್ಣಿನ ಇಳಿಜಾರು, ನೇಗಿಲು ಕಾಣದ ನೆಲ, ಅದರಲ್ಲಿ ಅತಿ ಒಳ್ಳೆ ಸ್ಥಿತಿಯ ಭಾಗ ಐದು ಎಕರೆ ಅಷ್ಟೇ. ಕಾರ್ಗೋ ವಿಮಾನಗಳ ವ್ಯವಹಾರ ಜೋರಾಗಿ, ನಿಲ್ದಾಣದ ವಿಸ್ತರಣೆಗೆ ಅದರ ಮೇಲೆ ರಸ್ತೆ ಹಾಯಿಸೋ ಯೋಜನೆ ಆಯ್ತು. 2021ರ ಆಗಸ್ಟ್‌ನಲ್ಲಿ ಅಲ್ಲಿ ತುಕ್ಕುಮಚ್ಚೆ ಬಂಬಲ್‌ಬೀ ಕಂಡುಬಂತು. ಕಾನೂನಿನ ಪಟ್ಟಿಯಲ್ಲಿರೋ ಜೀವಿ! ಕೆಲಸ ನಿಂತಿತು. ನ್ಯಾಚುರಲ್ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಅನ್ನೋ ಸ್ಥಳೀಯ ಸಂಸ್ಥೆ ಕೋರ್ಟಿಗೆ ಹೋಯ್ತು. ಜನ ಬೋರ್ಡ್ ಹಿಡಿದು ನಿಂತರು. ಒಂದು ಹುಳದಿಂದ ಒಂದೂವರೆ ವರ್ಷ ಬುಲ್ಡೋಜರ್ ಗೇಟಿನಾಚೆ ಉಳೀತು.

ಆದರೆ ಸರ್ಕಾರದ ವನ್ಯಜೀವಿ ಇಲಾಖೆ 2020ರಲ್ಲೇ ಈ ಜೇನಿಗೆ ಅಂತ ವಾಸಸ್ಥಾನ ಗುರುತಿಸಿ ಮೀಸಲಿಡೋದು ಬೇಡ ಅಂತ ತೀರ್ಮಾನಿಸಿತ್ತು. ಜೇನಿಗೆ ರಕ್ಷಣೆ ಇತ್ತು, ಅದು ಮೇಯೋ ನೆಲಕ್ಕೆ ಇರಲಿಲ್ಲ. ಚಳಿಗಾಲದಲ್ಲಿ ಬಂಬಲ್‌ಬೀಯ ಸಂಸಾರವೆಲ್ಲ ಸತ್ತು ಹೊಸ ರಾಣಿಗಳಷ್ಟೇ ಮಣ್ಣಿನೊಳಗೆ ನಿದ್ದೆ ಮಾಡ್ತವೆ. ಹೂ ಇಲ್ಲ, ಹಾರಾಟ ಇಲ್ಲ, ಫೋಟೋ ತೆಗೆಯೋಕೆ ಏನೂ ಇಲ್ಲ. 2023ರ ಮಾರ್ಚ್‌ನಲ್ಲಿ, ಚಳಿ ಇನ್ನೂ ಬಿಟ್ಟಿರದ ಹೊತ್ತಲ್ಲಿ, ಬುಲ್ಡೋಜರ್ ಒಳಗೆ ಹೋಯ್ತು. ಪ್ರೇರಿಯ ನಡುವೆ ರಸ್ತೆಗೆ ಜಾಗ ಆಯ್ತು.

ಅದೇ ವರ್ಷ ಬೇರೊಂದು ಮೊಕದ್ದಮೆಯಲ್ಲಿ ಕೋರ್ಟು ಆ 2020ರ ತೀರ್ಮಾನವನ್ನ ಒಪ್ಪಲಿಲ್ಲ. 2024ರ ಕೊನೆಯಲ್ಲಿ ಇಲಾಖೆಯೇ ಇಲಿನಾಯ್ ಸೇರಿ ಆರು ರಾಜ್ಯಗಳಲ್ಲಿ ಈ ಜೇನಿಗೆ ವಾಸಸ್ಥಾನ ಗುರುತಿಸೋ ಪ್ರಸ್ತಾವ ಮುಂದಿಟ್ಟಿತು. ಎಲ್ಲಿ ಗುರುತಿಸಬೇಕು ಅಂತ ನಕ್ಷೆ ಬರೆಯೋವಾಗ ಅವರು ಇಟ್ಟುಕೊಂಡದ್ದು ಈ ಜೇನು ಎಲ್ಲೆಲ್ಲಿ, ಯಾವಾಗ ಕಂಡಿತ್ತು ಅನ್ನೋ ದಾಖಲೆಗಳನ್ನ. ಅವುಗಳಲ್ಲಿ ಎಷ್ಟೋ ಮಂದಿ ವೀಕೆಂಡ್‌ನಲ್ಲಿ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತು ತೆಗೆದ ಫೋಟೋಗಳೂ ಇವೆ.